ಲ್ಯೂಟ್ ವಾದಕರಿಗೆ ಟ್ಯಾಬ್ ಸಾಕಾ, ಸ್ಟಾಫ್ ನೊಟೇಶನ್ ಕೂಡ ಬೇಕಾ?

ಲ್ಯೂಟ್ ಅಂದರೆ ಗಿಟಾರ್‌ನ ಹಾಗೆ ಮೀಟಿ ನುಡಿಸುವ, ಯುರೋಪಿನ ಹಳೆಯ ತಂತಿ ವಾದ್ಯ. ಹೊಸದಾಗಿ ಅದನ್ನು ಕಲಿಯುವವರ ಕೈಗೆ ಮೊದಲ ದಿನವೇ ಸಿಗುವುದು ಟ್ಯಾಬ್ಲೇಚರ್, ಚಿಕ್ಕದಾಗಿ ಟ್ಯಾಬ್. ಆರು ಗೆರೆ, ಗೆರೆಗಳ ಮೇಲೆ ಒಂದಷ್ಟು ಅಕ್ಷರ ಅಥವಾ ಅಂಕಿ, ಅದರ ಮೇಲೆ ಲಯದ ಗುರುತು. ಯಾವ ತಂತಿ, ಯಾವ ಫ್ರೆಟ್ (ಬೆರಳಿಡುವ ಜಾಗ ತೋರಿಸುವ, ವಾದ್ಯದ ಕತ್ತಿನ ಮೇಲಿನ ಅಡ್ಡಪಟ್ಟಿ) ಅನ್ನುವುದು ನೇರವಾಗಿ ಕಾಣುತ್ತದೆ, ಬೆರಳು ಅಲ್ಲಿಗೆ ಹೋಗುತ್ತದೆ. ಸ್ವರದ ಹೆಸರು ಗೊತ್ತಿಲ್ಲದವರೂ ಬೇಗನೆ ಒಂದು ಸಣ್ಣ ನೃತ್ಯದ ತುಣುಕನ್ನು ನುಡಿಸಿಬಿಡುತ್ತಾರೆ. ತೊಂದರೆ ಏನೆಂದರೆ, ವರ್ಷಗಟ್ಟಲೆ ನುಡಿಸಿದ ಮೇಲೂ ಕೆಲವರು ಅಲ್ಲೇ ಉಳಿದುಬಿಡುತ್ತಾರೆ. ವಯಲಿನ್ ನುಡಿಸುವ ಗೆಳೆಯರು ಒಂದು ಹಾಳೆ ಮುಂದಿಟ್ಟು "ಬನ್ನಿ, ಒಟ್ಟಿಗೆ ನುಡಿಸೋಣ" ಅಂದರೆ ಇವರು ಕೇಳುವ ಮೊದಲ ಪ್ರಶ್ನೆ: "ಇದರ ಟ್ಯಾಬ್ ಇದೆಯಾ?"

ಲ್ಯೂಟ್ ವಾದಕರ ನಡುವೆ ಈ ವಿಷಯಕ್ಕೆ ಆಗಾಗ ಜಗಳ ಆಗುತ್ತದೆ. ಒಂದು ಪಕ್ಷದವರ ಪ್ರಕಾರ ಸ್ವರದ ಏರಿಳಿತವನ್ನು ಐದು ಗೆರೆಗಳ ಮೇಲೆ ತೋರಿಸುವ ಸ್ಟಾಫ್ ನೊಟೇಶನ್ ಓದಲು ಬಾರದವರು ಅರ್ಧ ಸಂಗೀತಗಾರರು. ಇನ್ನೊಂದು ಪಕ್ಷ ಹೇಳುವುದು, ಲ್ಯೂಟ್‌ನ ಕೃತಿಗಳೆಲ್ಲ ಟ್ಯಾಬ್‌ನಲ್ಲೇ ಇರುವಾಗ ಬೇರೆ ಲಿಪಿಯ ಗೊಡವೆ ಯಾಕೆ ಅಂತ. ನನಗೆ ಎರಡೂ ವಾದ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಲ್ಯೂಟ್‌ಗೆಂದೇ ಹುಟ್ಟಿದ ಸಂಗೀತಕ್ಕೆ ಟ್ಯಾಬ್‌ಗಿಂತ ಒಳ್ಳೆಯ ಬರವಣಿಗೆ ಇಲ್ಲ. ಆದರೆ ಟ್ಯಾಬ್ ಒಂದೇ ಗೊತ್ತಿದ್ದರೆ ನೀವು ಏನು ನುಡಿಸಬೇಕು ಅನ್ನುವುದನ್ನು ಬೇರೆ ಯಾರೋ ತೀರ್ಮಾನ ಮಾಡುತ್ತಾರೆ. ಹಳೆಯ ಕಾಲದ ಲ್ಯೂಟ್ ವಾದಕರು ಈ ಸ್ಥಿತಿಯಲ್ಲಿ ಇರಲಿಲ್ಲ. ಅವರಲ್ಲಿ ನುರಿತವರು ಸ್ಟಾಫ್ ಓದಿ ತಮ್ಮ ಟ್ಯಾಬ್ ತಾವೇ ಬರೆದುಕೊಳ್ಳುತ್ತಿದ್ದರು.

ಮೊದಲು ಎರಡೂ ಬರವಣಿಗೆ ಏನು ಹೇಳುತ್ತವೆ, ಏನು ಹೇಳುವುದಿಲ್ಲ ಅಂತ ಹತ್ತಿರದಿಂದ ನೋಡೋಣ. 16ನೇ ಶತಮಾನದ ಲ್ಯೂಟ್‌ಗೆ ಆರು ಕೋರ್ಸ್, ಅಂದರೆ ಜೋಡಿ ತಂತಿಗಳ ಆರು ಸಾಲು. ಮೇಲಿನದು ಸಾಮಾನ್ಯವಾಗಿ ಒಂಟಿ ತಂತಿ. ಪಾಶ್ಚಾತ್ಯ ಸಂಗೀತದಲ್ಲಿ ಸ್ವರಗಳಿಗೆ ಎಯಿಂದ ಜಿವರೆಗಿನ ಅಕ್ಷರಗಳೇ ಹೆಸರು. ಜಿ ಶ್ರುತಿಯ ಲ್ಯೂಟ್ ಆದರೆ ತಗ್ಗಿನ ಸ್ವರದಿಂದ ಮೇಲಕ್ಕೆ ಜಿ, ಸಿ, ಎಫ್, ಎ, ಡಿ, ಜಿ. ಇದರಲ್ಲಿ ಜಿ ಮೈನರ್ ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು) ಹಿಡಿಯಬೇಕು ಅಂದುಕೊಳ್ಳಿ. ಅಕ್ಷರ ಬಳಸುವ ಫ್ರೆಂಚ್ ಟ್ಯಾಬ್‌ನಲ್ಲಿ ಅದು ಮೇಲಿನ ಗೆರೆಯಿಂದ ಕೆಳಕ್ಕೆ ಎ, ಎ, ಬಿ, ಸಿ, ಸಿ, ಎ. ಇಲ್ಲಿ ಎ ಅನ್ನುವುದು ಸ್ವರದ ಹೆಸರಲ್ಲ, ಖಾಲಿ ತಂತಿ. ಬಿ ಅಂದರೆ ಮೊದಲ ಫ್ರೆಟ್, ಸಿ ಅಂದರೆ ಎರಡನೇ ಫ್ರೆಟ್. ನಿಮ್ಮ ಕೈಯಲ್ಲಿರುವ ಲ್ಯೂಟ್ ಸ್ವಲ್ಪ ಚಿಕ್ಕದಾಗಿ ಎ ಶ್ರುತಿಯದ್ದಾದರೆ ಅದೇ ಆರು ಅಕ್ಷರಕ್ಕೆ ಎ ಮೈನರ್ ಕೇಳಿಸುತ್ತದೆ. ಬೆರಳು ಒಂದಿಷ್ಟೂ ಕದಲಬೇಕಾಗಿಲ್ಲ. ಸ್ಟಾಫ್‌ನಲ್ಲಾದರೆ ಪ್ರತಿಯೊಂದು ಸ್ವರವನ್ನೂ ಒಂದು ಮೆಟ್ಟಿಲು ಮೇಲೆ ಬರೆಯಬೇಕು, ಓದುವವರು ಹೊಸದಾಗಿ ಲೆಕ್ಕ ಹಾಕಬೇಕು. ಬೇರೆ ಬೇರೆ ಅಳತೆಯ ಲ್ಯೂಟ್‌ಗಳು ಇದ್ದ ಕಾಲದಲ್ಲಿ ಇದು ಸಣ್ಣ ಅನುಕೂಲವಲ್ಲ. ಮೇಲಿನ ತಂತಿಯನ್ನು ಹರಿಯದೆ ತಡೆಯುವಷ್ಟು ಬಿಗಿ ಮಾಡಿ, ಉಳಿದವನ್ನು ಅದಕ್ಕೆ ಹೊಂದಿಸಿಕೊಳ್ಳಿ ಅಂತ ಆಗಿನ ಪಾಠದ ಪುಸ್ತಕಗಳೇ ಹೇಳುತ್ತಿದ್ದವು.

ಈಗ ಇನ್ನೊಂದು ಮುಖ. ಇಂಗ್ಲಿಷ್ ಲ್ಯೂಟ್ ವಾದಕ ಜಾನ್ ಡೌಲ್ಯಾಂಡ್‌ನ ಪ್ರಸಿದ್ಧ ಲ್ಯಾಕ್ರಿಮೇ ಪಾವನ್ (ನಿಧಾನಗತಿಯ ನೃತ್ಯದ ತುಣುಕು) ಲ್ಯೂಟ್‌ನಲ್ಲಿ ಶುರುವಾಗುವುದು ನಾಲ್ಕು ಇಳಿಯುವ ಸ್ವರಗಳಿಂದ: ಜಿ, ಎಫ್, ಇ ಫ್ಲಾಟ್, ಡಿ. ಕಣ್ಣೀರು ಇಳಿದ ಹಾಗೆ ಅಂತ ಎಲ್ಲರೂ ವರ್ಣಿಸುವ ಜಾಗ ಅದು. ಸ್ಟಾಫ್‌ನಲ್ಲಿ ನೋಡಿದರೆ ಆ ಇಳಿಜಾರು ಕಣ್ಣಿಗೇ ಕಾಣುತ್ತದೆ. ಟ್ಯಾಬ್‌ನಲ್ಲಿ ಕಾಣುವುದು ಮೇಲಿನ ಗೆರೆಯಲ್ಲಿ ಒಂದು ಎ, ಎರಡನೇ ಗೆರೆಯಲ್ಲಿ ಡಿ, ಬಿ, ಎ. ರಾಗದ ಆಕಾರ ಅದರಲ್ಲಿ ಎಲ್ಲಿಯೂ ಇಲ್ಲ. ಆದರೆ ಸ್ಟಾಫ್ ಮುಚ್ಚಿಟ್ಟ ಒಂದು ವಿಷಯವನ್ನು ಟ್ಯಾಬ್ ಬಾಯಿಬಿಟ್ಟು ಹೇಳುತ್ತದೆ. ಮೊದಲ ಸ್ವರ ಒಂದು ತಂತಿಯಲ್ಲಿದೆ, ಉಳಿದ ಮೂರು ಇನ್ನೊಂದರಲ್ಲಿ. ಹಾಗಾಗಿ ಜಿ ಇನ್ನೂ ಮೊಳಗುತ್ತಿರುವಾಗಲೇ ಎಫ್ ಶುರುವಾಗಬಹುದು. ಅದನ್ನು ಹಾಗೇ ಬಿಡುವುದೋ, ಬೆರಳಿಟ್ಟು ನಿಲ್ಲಿಸುವುದೋ ಅನ್ನುವುದು ನುಡಿಸುವವರ ನಿರ್ಧಾರ. ಅಂಥ ಒಂದು ನಿರ್ಧಾರ ಇದೆ ಅನ್ನುವುದೇ ಸ್ಟಾಫ್ ಓದುವವರಿಗೆ ಹೊಳೆಯದೆ ಹೋಗಬಹುದು.

ಲಯದ ವಿಷಯದಲ್ಲಿ ಟ್ಯಾಬ್ ಬಹಳ ಜಿಪುಣ. ಗೆರೆಗಳ ಮೇಲಿನ ಗುರುತು ಹೇಳುವುದು ಮುಂದಿನ ಮೀಟು ಯಾವಾಗ ಅಂತ ಮಾತ್ರ. ಕೆಳಗಿನ ಬೇಸ್ ಸ್ವರ ನಾಲ್ಕು ಎಣಿಕೆ ನಿಲ್ಲಬೇಕಾ, ಮಧ್ಯದ ಧ್ವನಿ (ಜೊತೆಗೇ ಸಾಗುವ ಇನ್ನೊಂದು ಸ್ವರಸಾಲು) ಎರಡಕ್ಕೇ ಮುಗಿಯಬೇಕಾ ಅನ್ನುವುದನ್ನು ಅದು ಹೇಳುವುದಿಲ್ಲ. ಮೂರು ನಾಲ್ಕು ಧ್ವನಿಗಳು ಒಂದರೊಳಗೊಂದು ಹೆಣೆದುಕೊಂಡ ಫ್ಯಾಂಟಸಿಯಾ ಟ್ಯಾಬ್‌ನಲ್ಲಿ ಬಿಡಿಬಿಡಿ ಮೀಟುಗಳ ಸಾಲಾಗಿ ಕಾಣುತ್ತದೆ. ಟ್ಯಾಬ್ ಮಾತ್ರ ಓದುವವರು ಬೇಸ್ ತಂತಿಯ ಮೇಲಿನ ಬೆರಳನ್ನು ಬೇಗ ಎತ್ತಿಬಿಡುವುದು ಇದೇ ಕಾರಣಕ್ಕೆ. ಸ್ವರಗಳೆಲ್ಲ ಸರಿಯಾಗಿರುತ್ತವೆ, ಕೇಳುವುದಕ್ಕೆ ಮಾತ್ರ ಎಲ್ಲ ಕತ್ತರಿಸಿದ ಹಾಗಿರುತ್ತದೆ.

ಒಟ್ಟಿನಲ್ಲಿ ಟ್ಯಾಬ್ ಕೈಯ ದಾಖಲೆ, ಸ್ಟಾಫ್ ಕಿವಿಯ ದಾಖಲೆ. ಒಂದನ್ನು ಇನ್ನೊಂದಕ್ಕೆ ಬದಲಾಯಿಸುವಾಗಲೆಲ್ಲ ಏನೋ ಒಂದನ್ನು ಊಹಿಸಿ ತುಂಬಬೇಕಾಗುತ್ತದೆ. ಇವತ್ತು ಈ ಕೆಲಸಕ್ಕೆ ಸಾಫ್ಟ್‌ವೇರ್‌ಗಳಿವೆ. ಟ್ಯಾಬ್ ಕೊಟ್ಟರೆ ಸ್ವರಗಳನ್ನು ತಪ್ಪಿಲ್ಲದೆ ಸ್ಟಾಫ್ ಮೇಲೆ ಇಡುತ್ತವೆ, ಆದರೆ ಯಾವ ಧ್ವನಿ ಎಷ್ಟು ಹೊತ್ತು ನಿಲ್ಲಬೇಕು ಅಂತ ಒಬ್ಬರು ಕೂತು ತಿದ್ದಬೇಕು. ತಿರುಗಿಸಿ ಸ್ಟಾಫ್ ಕೊಟ್ಟರೆ ಯಾವ ತಂತಿ, ಯಾವ ಫ್ರೆಟ್ ಅಂತ ಅದು ತನಗೆ ತೋಚಿದ ಹಾಗೆ ಆರಿಸುತ್ತದೆ. ಬರುವ ಫಲಿತಾಂಶ ಎಷ್ಟೋ ಸಲ ಕೈಗೆ ಸಿಗುವಂಥದ್ದಲ್ಲ.

ಜಗಳವಂತೂ ಹೊಸದಲ್ಲ. 1507ರಲ್ಲಿ ವೆನಿಸ್‌ನ ಒತ್ತಾವಿಯಾನೊ ಪೆತ್ರೂಚಿ ಮೊದಲ ಬಾರಿಗೆ ಲ್ಯೂಟ್ ಪುಸ್ತಕಗಳನ್ನು ಅಚ್ಚು ಹಾಕಿದ. ಫ್ರಾಂಚೆಸ್ಕೊ ಸ್ಪಿನಾಚಿನೊ ಹೊಂದಿಸಿದ ತುಣುಕುಗಳು ಅವು. ಟ್ಯಾಬ್ ಓದುವುದು ಹೇಗೆ ಅಂತ ಹೇಳುವ ಪುಟವೊಂದು ಅದರಲ್ಲಿದೆ, ಅದು ಇರುವುದು ಹಾಡಲು ಬಾರದವರಿಗಾಗಿ. ಆಗ ಸ್ವರಲಿಪಿ ಓದುವುದನ್ನು ಹಾಡಿನ ಮೂಲಕವೇ ಕಲಿಸುತ್ತಿದ್ದರು, ಆದ್ದರಿಂದ ಹಾಡಲು ಬಾರದವರು ಅಂದರೆ ಸ್ಟಾಫ್ ಓದಲು ಬಾರದವರು. ಅಂದರೆ ಮೊದಲ ಅಚ್ಚಿನ ಪುಸ್ತಕದಿಂದಲೇ ಟ್ಯಾಬ್‌ಗೆ ಇಂಥ ಗಿರಾಕಿಗಳಿದ್ದರು. ನಾಚಿಕೆಪಡುವಂಥದ್ದು ಇದರಲ್ಲಿ ಏನೂ ಇರಲಿಲ್ಲ.

ಆದರೆ ಆ ಪುಸ್ತಕದ ಒಳಗೆ ಏನಿದೆ ನೋಡಿ. ಅದರ ದೊಡ್ಡ ಪಾಲು ಸಂಗೀತ ರಚನೆಕಾರ ಜೋಸ್ಕಾಂನಂಥವರ ಹಾಡುಗಳನ್ನು, ಚರ್ಚ್ ಸಂಗೀತವನ್ನು ಲ್ಯೂಟ್‌ಗೆ ಇಳಿಸಿದ್ದು. ಹಾಗೆ ಇಳಿಸಬೇಕಾದರೆ ಸ್ಪಿನಾಚಿನೊಗೆ ಸ್ಟಾಫ್ ಚೆನ್ನಾಗಿ ಬರಬೇಕಿತ್ತು. ಈ ವಿದ್ಯೆಗೇ ಪ್ರತ್ಯೇಕ ಪಾಠಪುಸ್ತಕ ಬಂತು. ವಿಜ್ಞಾನಿ ಗೆಲಿಲಿಯೋನ ತಂದೆ ವಿಂಚೆಂಝೋ ಗೆಲಿಲಿ 1568ರಲ್ಲಿ ಫ್ರೋನಿಮೋ ಅನ್ನುವ ಪುಸ್ತಕ ಹೊರತಂದ, 1584ರಲ್ಲಿ ಅದನ್ನು ತಿದ್ದಿ ಬೆಳೆಸಿದ. ನಾಲ್ಕೈದು ಧ್ವನಿಯ ಹಾಡನ್ನು ಲ್ಯೂಟ್ ಮೇಲೆ ಹೇಗೆ ಕೂರಿಸಬೇಕು ಅನ್ನುವುದು ಇಬ್ಬರ ಮಾತುಕತೆಯ ರೂಪದಲ್ಲಿ ಅದರಲ್ಲಿದೆ. ಸ್ಪೇನ್‌ನ ಹ್ವಾನ್ ಬೆರ್ಮೂದೋ 1555ರಲ್ಲಿ ಇನ್ನೂ ಜಾಣ ಉಪಾಯ ಹೇಳಿದ. ಅವನು ಬರೆದದ್ದು ವಿಹುವೇಲಾಗೆ. ಅದು ಗಿಟಾರ್ ಆಕಾರದ ವಾದ್ಯ, ಶ್ರುತಿಯ ಅಂತರಗಳು ಲ್ಯೂಟ್‌ನವೇ. ಹಾಡು ಕೈಗೆ ಸರಿಯಾಗಿ ಕೂರದಿದ್ದರೆ ಹಾಡಿನ ಸ್ವರ ಬದಲಾಯಿಸಲು ಹೋಗಬೇಡಿ, ನಿಮ್ಮ ವಾದ್ಯದ ಶ್ರುತಿಯೇ ಬೇರೆ ಅಂತ ಕಲ್ಪಿಸಿಕೊಳ್ಳಿ ಅಂದ. ಖಾಲಿ ತಂತಿಯನ್ನು ಇವತ್ತು ಜಿ ಅನ್ನಿ, ಇನ್ನೊಂದು ಹಾಡಿಗೆ ಎ ಅನ್ನಿ. ಟ್ಯಾಬ್‌ಗೆ ಶ್ರುತಿಯ ಹಂಗಿಲ್ಲದ್ದರಿಂದ ಇದು ನಡೆಯುತ್ತದೆ. ಈ ಒಂದು ಉಪಾಯ ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಇವತ್ತಿನ ಪಾಠಗಳಲ್ಲಿ ಇದನ್ನು ಯಾಕೆ ಜಾಸ್ತಿ ಹೇಳಿಕೊಡುವುದಿಲ್ಲವೋ ನನಗೆ ಅರ್ಥವಾಗುವುದಿಲ್ಲ.

ಡೌಲ್ಯಾಂಡ್ 1604ರಲ್ಲಿ ಲ್ಯಾಕ್ರಿಮೇ ಪಾವನ್‌ಗಳನ್ನು ಐದು ವಯಲ್ (ಕಮಾನಿನಿಂದ ನುಡಿಸುವ ತಂತಿ ವಾದ್ಯ) ಮತ್ತು ಲ್ಯೂಟ್‌ಗೆ ಅಂತ ಪ್ರಕಟಿಸಿದಾಗ ಒಂದೇ ಪುಸ್ತಕದಲ್ಲಿ ವಯಲ್‌ಗಳಿಗೆ ಸ್ಟಾಫ್, ಲ್ಯೂಟ್‌ಗೆ ಟ್ಯಾಬ್ ಇತ್ತು. ಟೇಬಲ್ ಸುತ್ತ ಕೂತವರೆಲ್ಲ ಒಂದೇ ಪುಸ್ತಕ ನೋಡಿ ನುಡಿಸುವ ಹಾಗೆ ಅಚ್ಚು. ಅಲ್ಲಿ ಯಾರೂ ಯಾರ ಲಿಪಿಯನ್ನೂ ಕೀಳಾಗಿ ಕಂಡ ಹಾಗಿಲ್ಲ.

ಬದಲಾವಣೆ ಶುರುವಾದದ್ದು ಫ್ರಾನ್ಸ್‌ನಲ್ಲಿ. ಪೆರೀನ್ ಅನ್ನುವ ಪ್ಯಾರಿಸ್‌ನ ಲ್ಯೂಟ್ ಗುರು 1680ರಲ್ಲಿ ಗೋಲ್ತಿಯೇ ಮನೆತನದವರ ಲ್ಯೂಟ್ ತುಣುಕುಗಳನ್ನು ಸ್ಟಾಫ್‌ನಲ್ಲಿ ಅಚ್ಚು ಹಾಕಿಸಿದ. ಟ್ಯಾಬ್‌ನಿಂದಾಗಿಯೇ ಜನ ಲ್ಯೂಟ್‌ನಿಂದ ದೂರ ಹೋಗುತ್ತಿದ್ದಾರೆ ಅನ್ನುವುದು ಅವನ ದೂರು. ಎಲ್ಲರೂ ಓದುವ ಲಿಪಿಯಲ್ಲಿ ಬರೆದರೆ ವಾದ್ಯ ಉಳಿಯುತ್ತದೆ, ಹಾರ್ಪ್ಸಿಕಾರ್ಡ್‌ನವರೂ ಅದನ್ನೇ ನುಡಿಸಬಹುದು ಅನ್ನುವುದು ಆಸೆ. ಆಸೆ ಈಡೇರಲಿಲ್ಲ. ಲ್ಯೂಟ್ ವಾದಕರು ಅವನ ದಾರಿ ಹಿಡಿಯಲಿಲ್ಲ, ಫ್ರಾನ್ಸ್‌ನಲ್ಲಿ ಲ್ಯೂಟ್ ಇಳಿಮುಖವಾಗುವುದೂ ನಿಲ್ಲಲಿಲ್ಲ. ಆದರೆ ಅವನ ಪುಸ್ತಕ ಇವತ್ತಿನ ವಾದಕರಿಗೆ ಬೇರೆ ಕಾರಣಕ್ಕೆ ಬಂಗಾರ. ಟ್ಯಾಬ್‌ನಲ್ಲಿ ಒಂದರ ಕೆಳಗೊಂದು ನಿಂತ ಅಕ್ಷರಗಳಾಗಿ ಕಾಣುವ ಕಾರ್ಡ್‌ಗಳನ್ನು ಫ್ರೆಂಚರು ನಿಜವಾಗಿ ಒಡೆದು, ಒಂದಾದ ಮೇಲೊಂದು ತಂತಿ ಮೀಟಿ ನುಡಿಸುತ್ತಿದ್ದರು. ಆ ಒಡೆತದ ಲಯವನ್ನು ಪೆರೀನ್ ಸ್ಟಾಫ್‌ನಲ್ಲಿ ಬಿಡಿಸಿ ಬರೆದ. ಟ್ಯಾಬ್ ಬರೆದವರು ಇದೆಲ್ಲ ಎಲ್ಲರಿಗೂ ಗೊತ್ತಿರುತ್ತದೆ ಅಂತ ಬಿಟ್ಟಿದ್ದರು.

1716ರಲ್ಲಿ ಫ್ರೆಂಚ್ ವಾದಕ ರೋಬೇರ್ ದ ವಿಝೇ ತನ್ನ ಥಿಯೋರ್ಬೋ (ಉದ್ದ ಕತ್ತಿನ ದೊಡ್ಡ ಲ್ಯೂಟ್) ಮತ್ತು ಲ್ಯೂಟ್ ತುಣುಕುಗಳನ್ನು ಸ್ಟಾಫ್‌ನಲ್ಲೇ ಪ್ರಕಟಿಸಿದ. ಟ್ಯಾಬ್ ಓದುವವರು ತೀರಾ ಕಡಿಮೆ, ಅದಕ್ಕಾಗಿ ಪುಸ್ತಕ ದಪ್ಪ ಮಾಡುವುದು ಯಾಕೆ ಅಂತ ಮುನ್ನುಡಿಯಲ್ಲೇ ಹೇಳಿಕೊಂಡ. ವ್ಯಾಪಾರದ ಮಾತು, ಅಲ್ವಾ? ಅದೃಷ್ಟಕ್ಕೆ ಅವನ ಎಷ್ಟೋ ತುಣುಕುಗಳು ಕೈಬರಹದ ಟ್ಯಾಬ್‌ನಲ್ಲೂ ಉಳಿದಿವೆ. ಇವತ್ತು ಥಿಯೋರ್ಬೋ ನುಡಿಸುವವರು ತೆಗೆದುಕೊಳ್ಳುವುದು ಹೆಚ್ಚಾಗಿ ಅವನ್ನೇ. ಕಾರಣ ವಾದ್ಯದ ಶ್ರುತಿಯಲ್ಲಿದೆ. ಥಿಯೋರ್ಬೋದಲ್ಲಿ ಮೊದಲೆರಡು ತಂತಿಗಳನ್ನು ಒಂದು ಸ್ಥಾಯಿ ಕೆಳಗೆ ಇಳಿಸಿರುತ್ತಾರೆ, ಹಾಗಾಗಿ ಮೂರನೇ ತಂತಿಯೇ ಎಲ್ಲಕ್ಕಿಂತ ಏರು. ಸ್ಟಾಫ್‌ನಲ್ಲಿ ಸರಳವಾಗಿ ಏರುವ ಸಾಲು ಕೈಯಲ್ಲಿ ತಂತಿಯಿಂದ ತಂತಿಗೆ ಹಾರುತ್ತಾ ಸಾಗುತ್ತದೆ. ಇಂಥ ವಾದ್ಯಕ್ಕೆ ಸ್ಟಾಫ್ ನೋಡಿ ಒಂಟಿ ತುಣುಕು ನುಡಿಸು ಅನ್ನುವುದು ಸುಮ್ನೆ ಹಿಂಸೆ.

ಹಾಗಂತ ಥಿಯೋರ್ಬೋದವರು ಸ್ಟಾಫ್‌ನಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಇವತ್ತು ಈ ವಾದ್ಯಗಳನ್ನೇ ನಂಬಿ ಬದುಕುವವರಿಗೆ ಕೆಲಸ ಸಿಗುವುದು ಮುಖ್ಯವಾಗಿ ಬರೋಕ್ ಕಾಲದ ಆಪೆರಾ, ಪ್ಯಾಶನ್, ಕಾಂಟಾಟಾದಂಥ ಗಾಯನ ಕೃತಿಗಳಲ್ಲಿ ಬಾಸೊ ಕಂಟಿನ್ಯೂವೊ, ಅಂದರೆ ಬೇಸ್ ಸಾಲಿನ ಮೇಲೆ ಕಟ್ಟುವ ಪಕ್ಕವಾದ್ಯ, ನುಡಿಸಲು. ಅಲ್ಲಿ ಮುಂದೆ ಇರುವುದು ಬೇಸ್ ಕ್ಲೆಫ್‌ನ (ತಗ್ಗು ಸ್ವರಗಳ ಸ್ಟಾಫ್ ಅಂತ ಹೇಳುವ ಗುರುತು) ಒಂದೇ ಸಾಲು, ಅದರ ಮೇಲೆ ಅಲ್ಲಲ್ಲಿ 6, 7, 4-3 ಅಂತ ಅಂಕಿಗಳು. ಅದನ್ನು ನೋಡಿ ಕಾರ್ಡ್‌ಗಳನ್ನು ಆ ಕ್ಷಣಕ್ಕೆ ಕಟ್ಟಿಕೊಳ್ಳಬೇಕು. ಟ್ಯಾಬ್ ಕೇಳಿದರೆ ಯಾರೂ ಕೊಡುವುದಿಲ್ಲ. ವಿವಾಲ್ಡಿಯ ಲ್ಯೂಟ್ ಕಾಂಚೆರ್ಟೋ, ಅವನ ಕೃತಿಪಟ್ಟಿಯಲ್ಲಿ ಆರ್‌ವಿ 93, ಅದೂ ಸ್ಟಾಫ್‌ನಲ್ಲೇ ಇದೆ. ಬಾಖ್‌ನ ಸೇಂಟ್ ಜಾನ್ ಪ್ಯಾಶನ್‌ನ ಲ್ಯೂಟ್ ಭಾಗವೂ ಹಾಗೆಯೇ. ಅಂದಮೇಲೆ ಲ್ಯೂಟ್‌ನ ಕೃತಿಗಳೆಲ್ಲ ಟ್ಯಾಬ್‌ನಲ್ಲಿವೆ ಅನ್ನುವ ಎರಡನೇ ಪಕ್ಷದ ಮಾತು ಒಬ್ಬರೇ ಕೂತು ನುಡಿಸುವ ಸಂಗೀತಕ್ಕೆ ಬಹುಪಾಲು ನಿಜ, ಒಟ್ಟಿಗೆ ನುಡಿಸುವ ಸಂಗೀತಕ್ಕೆ ಅಲ್ಲ.

ಬೇರೆಯವರ ಟ್ಯಾಬ್ ನಂಬುವುದರಲ್ಲಿ ಏನು ಅಪಾಯ ಅಂತ ತೋರಿಸಲು ಬಾಖ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅವನ ಲ್ಯೂಟ್ ಕೃತಿಗಳು ಅಂತ ಕರೆಯುವ ತುಣುಕುಗಳ ಪೈಕಿ ಅವನ ಸ್ವಂತ ಕೈಬರಹದಲ್ಲಿ ಇರುವವು ಸ್ಟಾಫ್‌ನಲ್ಲಿವೆ. ಅವನ ಕಾಲದ ಲ್ಯೂಟ್ ವಾದಕರು ಕೆಲವನ್ನು ಟ್ಯಾಬ್‌ಗೆ ಇಳಿಸಿದರು. ಯೋಹಾನ್ ಕ್ರಿಶ್ಚಿಯಾನ್ ವೈರಾಖ್ ಬರೆದ, ಬಾಖ್ ಕೃತಿಪಟ್ಟಿಯ ಬಿಡಬ್ಲ್ಯುವಿ 997ರ ಟ್ಯಾಬ್ ಪ್ರತಿ ಉಳಿದಿದೆ. ಅದರಲ್ಲಿ ಇರುವುದು ಮೂರೇ ಭಾಗ. ಕೃತಿಯ ಬೆನ್ನೆಲುಬಿನಂತಿರುವ ಫ್ಯೂಗ್ (ಒಂದೇ ರಾಗವನ್ನು ಧ್ವನಿಗಳು ಸರದಿಯಲ್ಲಿ ಹಿಡಿಯುವ ಭಾಗ) ಇಲ್ಲ, ಕೊನೆಯ ಡಬಲ್ (ಹಿಂದಿನ ಭಾಗದ ಅಲಂಕರಿಸಿದ ರೂಪ) ಕೂಡ ಇಲ್ಲ. ವೈರಾಖ್‌ನ ಪ್ರತಿ ಒಂದೇ ಉಳಿದಿದ್ದರೆ ಆ ಫ್ಯೂಗ್ ಇತ್ತು ಅನ್ನುವುದೇ ನಮಗೆ ಗೊತ್ತಾಗುತ್ತಿರಲಿಲ್ಲ. ಬಿಡಬ್ಲ್ಯುವಿ 995ರಲ್ಲಿ ಇನ್ನೊಂದು ಫಜೀತಿ. ಬಾಖ್ ಅಲ್ಲಿ ಕೆಳಗಿನ ಜಿ ಬರೆದಿದ್ದಾನೆ, ಆದರೆ 13 ಕೋರ್ಸ್‌ನ ಲ್ಯೂಟ್‌ನ ಕಟ್ಟಕಡೆಯ ತಂತಿ ಎ. ನುಡಿಸುವವರು ಒಂದೋ ಆ ಸ್ವರವನ್ನು ಒಂದು ಸ್ಥಾಯಿ ಮೇಲೆತ್ತಬೇಕು, ಇಲ್ಲವೇ 14ನೇ ಕೋರ್ಸ್ ಇರುವ ವಾದ್ಯ ಹುಡುಕಬೇಕು, ಅಥವಾ ಇಡೀ ಕೃತಿಯ ಕೀ ಬದಲಿಸಬೇಕು. ರೆಡಿಮೇಡ್ ಟ್ಯಾಬ್ ತೆಗೆದುಕೊಂಡರೆ ಈ ಮೂರರಲ್ಲಿ ಒಂದನ್ನು ಯಾರೋ ಆರಿಸಿಯಾಗಿರುತ್ತದೆ. ಹಾಳೆಯ ಮೇಲೆ ಅದರ ಸುಳಿವೂ ಇರುವುದಿಲ್ಲ.

ಹೊಸ ಟ್ಯಾಬ್ ಹೊಂದಾಣಿಕೆಗಳೆಲ್ಲ ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ಅನುಭವ ಇರುವವರು ಮಾಡಿದ್ದು ಎಷ್ಟೋ ಸಲ ಕಣ್ಣಿಗೊತ್ತಿಕೊಳ್ಳುವ ಹಾಗಿರುತ್ತದೆ. ಆದರೆ ಸೆಲ್ಲೋ ಸ್ವೀಟ್ ಒಂದನ್ನು ಲ್ಯೂಟ್‌ಗೆ ತರುವಾಗ ಬೇಸ್ ಸ್ವರ ಸೇರಿಸುತ್ತಾರೆ, ಕೀ ಬದಲಿಸುತ್ತಾರೆ. ನಾಲ್ಕು ಧ್ವನಿಯ ಹಾಡಿನಲ್ಲಿ ಕೈಗೆ ಎಟುಕದ ಸ್ವರ ಬಿಡುತ್ತಾರೆ. ಮೂಲ ಓದಲು ಬಂದರೆ ಇದನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಬಹುದು, "ಇಲ್ಲಿ ಟೆನರ್ ಬಿಟ್ಟಿದ್ದಾರಲ್ಲ, ನಾನು ಮೇಲಿನ ಕಾರ್ಡ್ ತೆಳ್ಳಗೆ ಮಾಡಿ ಅದನ್ನು ಉಳಿಸಿಕೊಳ್ಳುತ್ತೇನೆ" ಅನ್ನಬಹುದು. ಓದಲು ಬಾರದಿದ್ದರೆ ಕೊಟ್ಟದ್ದನ್ನು ನುಡಿಸಬೇಕು, ಅಷ್ಟೇ.

ಒಂದು ತಮಾಷೆ ಗೊತ್ತಾ? ಟ್ಯಾಬ್ ಪಕ್ಷದವರೂ ಎಲ್ಲ ಟ್ಯಾಬ್ ಓದುವುದಿಲ್ಲ. ಇಟಾಲಿಯನ್ ಟ್ಯಾಬ್‌ನಲ್ಲಿ ಅಕ್ಷರದ ಬದಲು ಅಂಕಿ, ಅದೂ ತಲೆಕೆಳಗು: ಕೆಳಗಿನ ಗೆರೆಯೇ ಮೇಲಿನ ಸ್ವರದ ತಂತಿ. ಹಳೆಯ ಜರ್ಮನ್ ಟ್ಯಾಬ್‌ನಲ್ಲಿ ಗೆರೆಗಳೇ ಇಲ್ಲ. ತಂತಿ ಮತ್ತು ಫ್ರೆಟ್ ಸೇರುವ ಪ್ರತಿಯೊಂದು ಜಾಗಕ್ಕೂ ಬೇರೆಯದೇ ಚಿಹ್ನೆ, ಎಲ್ಲ ಬಾಯಿಪಾಠ. ನ್ಯೂರೆಂಬರ್ಗ್‌ನ ಕುರುಡ ಆರ್ಗನ್ ವಾದಕ ಕೊನ್ರಾಡ್ ಪೌಮನ್ ಅದನ್ನು ಕಂಡುಹಿಡಿದ ಅಂತ ಹಳೆಯ ನಂಬಿಕೆ. ಹಾನ್ಸ್ ನೋಯ್ಸಿಡ್ಲರ್ 1536ರಲ್ಲಿ ಪ್ರಕಟಿಸಿದ ಚೆಂದದ ಪಾಠಗಳು ಈ ಲಿಪಿಯಲ್ಲಿವೆ, ಆದರೆ ಹೆಚ್ಚಿನವರು ಅವನ್ನು ನುಡಿಸುವುದು ಫ್ರೆಂಚ್ ಟ್ಯಾಬ್‌ಗೆ ಬದಲಾಯಿಸಿಕೊಂಡೇ. ಲಿಪಿ ಕಲಿಯುವ ಸೋಮಾರಿತನ ಎರಡೂ ಕಡೆ ಇದೆ.

ಟ್ಯಾಬ್‌ಗೆ ಕೆಟ್ಟ ಹೆಸರು ಬಂದದ್ದರಲ್ಲಿ ಗಿಟಾರ್‌ನ ಪಾಲೂ ಇದೆ. ಗಿಟಾರ್ ಕೂಡ ಮೊದಲು ಟ್ಯಾಬ್‌ನಲ್ಲೇ ಇತ್ತು. 18ನೇ ಶತಮಾನದ ದ್ವಿತೀಯಾರ್ಧದಲ್ಲಿ ಅದು ಮೆಲ್ಲಗೆ ಸ್ಟಾಫ್‌ಗೆ ದಾಟಿತು. ಆ ಹೊತ್ತಿಗೆ ಲ್ಯೂಟ್ ಸಾಯುವ ಹಂತಕ್ಕೆ ಬಂದಿತ್ತು. ಹಾಗಾಗಿ ಲ್ಯೂಟ್‌ಗೆ ಲಿಪಿ ಬದಲಾಯಿಸುವ ಅವಕಾಶವೇ ಬರಲಿಲ್ಲ. 20ನೇ ಶತಮಾನದಲ್ಲಿ ಲ್ಯೂಟ್ ಮತ್ತೆ ಎದ್ದು ಬಂದಾಗ ತನ್ನ ಹಳೆಯ ಲಿಪಿಯನ್ನು ಹೊತ್ತುಕೊಂಡೇ ಬಂತು. ಅದೇ ಶತಮಾನದಲ್ಲಿ ಪಾಪ್ ಗಿಟಾರ್‌ನವರು ಲಯದ ಗುರುತೂ ಇಲ್ಲದ ಟ್ಯಾಬ್ ಬಳಸತೊಡಗಿದರು, ಹಾಡು ಕೇಳಿ ಗೊತ್ತಿದ್ದವರಿಗೆ ಮಾತ್ರ ಉಪಯೋಗಕ್ಕೆ ಬರುವಂಥದ್ದು. ಶಾಸ್ತ್ರೀಯ ಸಂಗೀತದವರು ಎರಡನ್ನೂ ಒಂದೇ ತಕ್ಕಡಿಗೆ ಹಾಕಿಬಿಟ್ಟರು.

ಗಿಟಾರ್‌ನಿಂದ ಲ್ಯೂಟ್‌ಗೆ ಬರುವವರಿಗೆ ಇನ್ನೊಂದು ಗೊಂದಲ. ಗಿಟಾರ್‌ನ ಮೂರನೇ ತಂತಿಯನ್ನು ಜಿಯಿಂದ ಎಫ್ ಶಾರ್ಪ್‌ಗೆ ಇಳಿಸಿದರೆ ಲ್ಯೂಟ್‌ನ ಅಂತರಗಳು ಸಿಗುತ್ತವೆ, ಮೂರನೇ ಫ್ರೆಟ್‌ಗೆ ಕಾಪೋ (ಎಲ್ಲ ತಂತಿಗಳನ್ನೂ ಒತ್ತಿಹಿಡಿಯುವ ಕ್ಲಿಪ್) ಹಾಕಿದರೆ ಜಿ ಶ್ರುತಿಯೂ ಸಿಗುತ್ತದೆ. ಹೀಗೆ ನುಡಿಸಲೆಂದೇ ಎಷ್ಟೋ ಲ್ಯೂಟ್ ತುಣುಕುಗಳನ್ನು ಗಿಟಾರ್ ಸ್ಟಾಫ್‌ನಲ್ಲಿ ಅಚ್ಚು ಹಾಕಿದ್ದಾರೆ. ಅವುಗಳಲ್ಲಿ ಇ ಅಂತ ಓದಿದ್ದು ಲ್ಯೂಟ್ ಮೇಲೆ ಜಿ. ಇದನ್ನು ರೂಢಿ ಮಾಡಿಕೊಂಡವರು ಮುಂದೆ ಗಾಯಕರ ಜೊತೆ ಕೂತಾಗ ಸ್ವರದ ಹೆಸರುಗಳೆಲ್ಲ ಅಡಿಮೇಲು. ಲ್ಯೂಟ್‌ಗೆ ಸ್ಟಾಫ್ ಕಲಿಯುವುದಾದರೆ ನಿಜವಾದ ಸ್ವರದಲ್ಲೇ ಕಲಿಯಬೇಕು. ಗಿಟಾರ್ ದಾರಿಯಿಂದ ಬಂದರೆ ಅರ್ಧ ಕಲಿತದ್ದನ್ನು ಮರೆಯಬೇಕಾಗುತ್ತದೆ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ನನ್ನ ಪ್ರಕಾರ ಬೇಸ್ ಕ್ಲೆಫ್‌ನಿಂದ, ಒಂದೇ ಒಂದು ಸಾಲಿನಿಂದ. ತುಂಬಾ ಜನ ಏರು ಸ್ವರಗಳ ಟ್ರೆಬಲ್ ಕ್ಲೆಫ್‌ನ ಸುಲಭ ರಾಗಗಳಿಂದ ಶುರು ಮಾಡಿ ಬೇಜಾರಾಗಿ ಬಿಡುತ್ತಾರೆ, ಯಾಕೆಂದರೆ ಅದೇ ರಾಗ ಟ್ಯಾಬ್‌ನಲ್ಲಿ ಇನ್ನೂ ಸುಲಭ. ಬೇಸ್ ಸಾಲು ಹಾಗಲ್ಲ. ಅದನ್ನು ಓದಲು ಬಂದ ದಿನವೇ ಗಾಯಕರೊಬ್ಬರ ಜೊತೆ, ಕೊಳಲಿನವರ ಜೊತೆ ಕೂರಬಹುದು. ಮೊದಲು ಬೇಸ್ ಸ್ವರ ಮಾತ್ರ, ಆಮೇಲೆ ಅದರ ಮೇಲೆ, ಅದರಿಂದಲೇ ಎಣಿಸಿದರೆ ಮೂರನೆಯದಾಗುವ ಸ್ವರ, ಆಮೇಲೆ ಪೂರ್ತಿ ಕಾರ್ಡ್. ಕಲಿತದ್ದಕ್ಕೆ ಕೂಡಲೇ ಕೆಲಸ ಸಿಕ್ಕರೆ ಅದು ಉಳಿಯುತ್ತದೆ.

ಜೊತೆಗೆ ಗೆಲಿಲಿ ಕಲಿಸಿದ ಕೆಲಸ. ಎಲ್ಲ ಧ್ವನಿಗಳೂ ಒಟ್ಟಿಗೆ ಹೆಜ್ಜೆ ಹಾಕುವ ಒಂದು ಸರಳ ಹಾಡು ತೆಗೆದುಕೊಳ್ಳಿ, ಮೂರು ಧ್ವನಿಯದಾದರೆ ಇನ್ನೂ ಒಳ್ಳೆಯದು. ಮೊದಲು ಬೇಸ್ ಅನ್ನು ಟ್ಯಾಬ್‌ಗೆ ಹಾಕಿ, ಆಮೇಲೆ ಮೇಲಿನ ಧ್ವನಿ, ಕೊನೆಗೆ ಮಧ್ಯದ್ದು. ಮಧ್ಯದ ಧ್ವನಿ ಬಂದಾಗ ತಂತಿ ಸಾಲದೆ ಬರುತ್ತದೆ, ಎರಡು ಸ್ವರ ಒಂದೇ ತಂತಿಗೆ ಜಗಳವಾಡುತ್ತವೆ. ಆಗ ಬೇಸ್ ಅನ್ನು ಇನ್ನೊಂದು ತಂತಿಗೆ ಸರಿಸಬೇಕಾ, ಬೆರ್ಮೂದೋ ಹೇಳಿದ ಹಾಗೆ ಲ್ಯೂಟ್‌ನ ಶ್ರುತಿಯನ್ನೇ ಬೇರೆ ಅಂದುಕೊಳ್ಳಬೇಕಾ ಅಂತ ಯೋಚಿಸಬೇಕು. ಪೆನ್ಸಿಲ್‌ನಲ್ಲಿ ಬರೆಯಿರಿ, ಅಳಿಸುವುದು ಬೇಕಾದಷ್ಟು ಇರುತ್ತದೆ. ಹೀಗೆ ನಾಲ್ಕೈದು ಹಾಡು ಮಾಡಿದವರಿಗೆ ಅಚ್ಚಿನ ಟ್ಯಾಬ್ ನೋಡಿದಾಗ ಧ್ವನಿಗಳು ತಾವಾಗಿ ಬೇರೆ ಬೇರೆಯಾಗಿ ಕಾಣತೊಡಗುತ್ತವೆ. ಯಾವ ಬೇಸ್ ನಿಲ್ಲಬೇಕು ಅಂತ ಯಾರೂ ಹೇಳಿಕೊಡಬೇಕಾಗುವುದಿಲ್ಲ.

ಇದಕ್ಕಿಂತ ಹೆಚ್ಚಿಗೆ ಬೇಕಾ ಅಂದರೆ, ಬೇಡ. 18ನೇ ಶತಮಾನದ ಜರ್ಮನ್ ಲ್ಯೂಟ್ ವಾದಕ ಸಿಲ್ವಿಯುಸ್ ಲಿಯೋಪೋಲ್ಡ್ ವೈಸ್‌ನ ಸೊನಾಟಾಗಳನ್ನು ಸ್ಟಾಫ್‌ನಿಂದ ಸರಾಗವಾಗಿ ಓದಿ ನುಡಿಸಿದರೆ ಮಾತ್ರ ಲ್ಯೂಟ್ ವಾದಕ ಅಂತ ಯಾರಾದರೂ ಹಠ ಹಿಡಿದರೆ ಒಪ್ಪಬೇಕಾಗಿಲ್ಲ. ಲಂಡನ್ ಮತ್ತು ಡ್ರೆಸ್ಡನ್‌ನಲ್ಲಿರುವ ಅವನ ದೊಡ್ಡ ಕೈಬರಹದ ಸಂಪುಟಗಳು ಟ್ಯಾಬ್‌ನಲ್ಲೇ ಇವೆ.